ಎಕ್ಸ್‌ಪಾರ್ಟಿ ಡಿಕ್ರಿ ಆಗೋಗಿದೆ ಅಂತ ಗೊತ್ತಾದ ದಿನದಿಂದ ಏನೇನು ಮಾಡ್ಬೇಕು

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಆಫೀಸಿಗೆ ಒಬ್ಬರು ಬಂದ್ರು, ಐವತ್ತರ ಮೇಲೆ ವಯಸ್ಸು, ಒಂದು ಶಾಲೇಲಿ ಗುಮಾಸ್ತರು. ಕೈಲಿ ಒಂದು ಪ್ಲಾಸ್ಟಿಕ್ ಕವರ್, ಅದರೊಳಗೆ ನಾಲ್ಕು ಮಡಿಕೆ ಮಾಡಿದ ಕೋರ್ಟ್ ಕಾಗದ. ಸ್ನೇಹಿತರೊಬ್ಬರ ಬ್ಯಾಂಕ್ ಸಾಲಕ್ಕೆ ಜಾಮೀನು ಹಾಕಿದ್ರಂತೆ, ಅವರು ಕಟ್ಟಿಲ್ಲ, ಬ್ಯಾಂಕಿನವರು ಇಬ್ಬರ ಮೇಲೂ ದಾವೆ ಹಾಕಿ ಡಿಕ್ರಿ, ಅಂದ್ರೆ ಕೋರ್ಟಿನ ಅಂತಿಮ ಆದೇಶ, ತಗೊಂಡಿದ್ದಾರೆ, ಈಗ ಸಂಬಳ ಜಪ್ತಿ ಆರ್ಡರ್ ಸೀದಾ ಶಾಲೆಗೇ ಬಂದಿದೆ. "ಕೇಸ್ ನಡೆದಿದ್ದೇ ನಂಗೆ ಗೊತ್ತಿಲ್ಲ ಸಾರ್" ಅಂದ್ರು. ಫೈಲ್ ತೆಗೆಸಿ ನೋಡಿದ್ರೆ ಅವರ ಹೆಸರಿಗೆ ಹೋದ ಸಮನ್ಸ್ ಕವರ್ ವಾಪಸ್ ಬಂದು ಅದರಲ್ಲೇ ಕೂತಿದೆ, ಮೇಲೆ ಪೋಸ್ಟ್‌ಮ್ಯಾನ್ ನೀಲಿ ಇಂಕಲ್ಲಿ "ರೆಫ್ಯೂಸ್ಡ್" ಅಂತ ಬರೆದು ತಾರೀಖು ಹಾಕಿ ಸಹಿ ಮಾಡಿದ್ದಾರೆ. ಅದನ್ನ ತೋರಿಸಿ ಕೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ನಿದ್ದು ಹೇಳಿದ್ರು, "ಕವರ್ ಬಂದಿದ್ದು ನಿಜ ಸಾರ್, ಕೈಗೆ ತಗೊಂಡ್ರೆ ತಾನೆ ಕೇಸು, ತಗೋಬೇಡಿ ಅಂತ ಪಕ್ಕದ ಮನೆಯವರು ಹೇಳಿದ್ರು."

ಈ ಒಂದು ಮಾತು ನಮ್ಮ ಕಡೆ ಎಷ್ಟು ಮನೆಗಳನ್ನ ಹಾಳು ಮಾಡಿದೆ ಅಂತ ಕೋರ್ಟ್ ಸುತ್ತಮುತ್ತ ಇರೋರಿಗೆಲ್ಲ ಗೊತ್ತು. ಸಮನ್ಸ್ ತಗೊಳ್ಳದೆ ಇದ್ರೆ ಕೇಸ್ ನಿಲ್ಲಲ್ಲ, ನೀವಿಲ್ಲದೇನೇ ನಡೆಯುತ್ತೆ, ನಡೆದು ಮುಗಿಯುತ್ತೆ. ಹಂಗೆ ಮುಗಿದಾಗ ಬರೋದೇ ಏಕಪಕ್ಷೀಯ ಡಿಕ್ರಿ, ಎಲ್ಲರ ಬಾಯಲ್ಲೂ ಇರೋ ಹಾಗೆ ಎಕ್ಸ್‌ಪಾರ್ಟಿ ಡಿಕ್ರಿ. ಅದು ಅರ್ಧ ಡಿಕ್ರಿ ಅಲ್ಲ, ಎರಡೂ ಕಡೆಯವರು ವರ್ಷಗಟ್ಟಲೆ ವಾದ ಮಾಡಿ ಬಂದ ಡಿಕ್ರಿಗೆ ಎಷ್ಟು ಬೆಲೆನೋ ಇದಕ್ಕೂ ಅಷ್ಟೇ ಬೆಲೆ, ಅಮಲ್ಜಾರಿ, ಅಂದ್ರೆ ಡಿಕ್ರೀನ ಕೋರ್ಟ್ ಮೂಲಕ ಜಾರಿ ಮಾಡಿಸೋ ಅರ್ಜಿ, ಹಾಕೋಕೆ 12 ವರ್ಷ ಟೈಮ್ ಇರುತ್ತೆ. ಆದ್ರೆ ಬೇರೆ ಡಿಕ್ರಿಗೆ ಇಲ್ಲದ ಒಂದು ದಾರಿ ಇದಕ್ಕಿದೆ, ಅದೇ ಕೋರ್ಟಿಗೆ ಹೋಗಿ ರದ್ದು ಮಾಡಿ ಅಂತ ಕೇಳಬಹುದು. ಅದನ್ನ ಹೆಂಗೆ ಕೇಳೋದು, ಎಷ್ಟು ದಿನದೊಳಗೆ ಕೇಳೋದು, ಎಲ್ಲಿ ಜನ ಎಡವುತ್ತಾರೆ ಅಂತ ನನಗೆ ಗೊತ್ತಿರೋದನ್ನ ಬರೀತೀನಿ. ನಿಮ್ಮ ಕೇಸಿಗೆ ವಕೀಲರು ಬೇಕೇ ಬೇಕು, ಆದ್ರೆ ವಕೀಲರ ಹತ್ರ ಹೋಗೋಕ್ ಮುಂಚೆ ನಿಮಗೆ ಇಷ್ಟು ಗೊತ್ತಿದ್ರೆ ಅರ್ಧ ಕೆಲಸ ಆದಂಗೆ.

ಮೊದಲು ಕೇಸ್ ಯಾವ ಹಂತದಲ್ಲಿದೆ ನೋಡ್ಕೊಳ್ಳಿ

"ಎಕ್ಸ್‌ಪಾರ್ಟಿ ಆಗಿದೆ" ಅಂತ ಜನ ಎರಡು ಬೇರೆ ಬೇರೆ ವಿಷಯಕ್ಕೆ ಹೇಳ್ತಾರೆ. ಒಂದು, ವಾಯಿದೆ ದಿನ ನಿಮ್ಮ ಹೆಸರು ಕೂಗಿದಾಗ ನೀವಿರಲಿಲ್ಲ, ಜಡ್ಜು ಆರ್ಡರ್ ಶೀಟಲ್ಲಿ "ಡಿಫೆಂಡೆಂಟ್ ಕಾಲ್ಡ್ ಔಟ್, ಆಬ್ಸೆಂಟ್, ಪ್ಲೇಸ್ಡ್ ಎಕ್ಸ್‌ಪಾರ್ಟಿ" ಅಂತ ಒಂದು ಸಾಲು ಬರೆಸಿದ್ದಾರೆ, ಅಷ್ಟೇ, ಕೇಸ್ ಇನ್ನೂ ನಡೀತಿದೆ. ಇನ್ನೊಂದು, ಆ ಸಾಲಾದ ಮೇಲೆ ವಾದಿ ಸಾಕ್ಷಿ ಹೇಳಿ, ದಾಖಲೆ ಕೊಟ್ಟು, ತೀರ್ಪೂ ಬಂದು ಡಿಕ್ರಿ ಆಗೋಗಿದೆ. ಎರಡಕ್ಕೂ ಔಷಧಿ ಬೇರೆ.

ಇದನ್ನ ಮನೇಲಿ ಕೂತೇ ನೋಡಬಹುದು. ಇಕೋರ್ಟ್ಸ್ ಸರ್ವಿಸಸ್ ಅಂತ ಆ್ಯಪ್ ಇದೆ, ವೆಬ್‌ಸೈಟೂ ಇದೆ, ಪ್ರತಿ ಕೇಸಿಗೂ ಕೊಡೋ 16 ಅಕ್ಷರ-ಅಂಕಿಯ ಗುರುತಿನ ನಂಬರ್, ಸಿಎನ್‌ಆರ್ ಅಂತಾರೆ, ಅದಿದ್ರೆ ಹಾಕಿ, ಇಲ್ಲಾಂದ್ರೆ ರಾಜ್ಯ, ಜಿಲ್ಲೆ, ಕೋರ್ಟ್ ಕಾಂಪ್ಲೆಕ್ಸ್ ಆರಿಸಿ ನಿಮ್ಮ ಹೆಸರು ಹಾಕಿ ವರ್ಷ ಹಾಕಿ ಹುಡುಕಿ. ಹೆಸರಿನ ಸ್ಪೆಲಿಂಗ್ ಮೂರು ನಾಲ್ಕು ತರ ಹಾಕಿ ನೋಡಿ, ಯಾಕಂದ್ರೆ ದಾವೆ ಹಾಕಿದವರು ತಮಗೆ ತೋಚಿದಂಗೆ ಬರೆದಿರ್ತಾರೆ, ಇನಿಷಿಯಲ್ ಮುಂದೆ ಇರಬಹುದು ಹಿಂದೆ ಇರಬಹುದು. ಕೇಸ್ ಸಿಕ್ಕಿದ್ರೆ ಪ್ರತಿ ವಾಯಿದೇಲಿ ಏನಾಯ್ತು, ಮುಂದಿನ ವಾಯಿದೆ ಯಾವಾಗ, ಮುಗಿದಿದ್ರೆ ಯಾವತ್ತು ಮುಗೀತು ಅಂತ ಬರುತ್ತೆ. ಆಸ್ತಿ ತಕರಾರು, ಕೈಸಾಲ, ಜಾಮೀನು ಈ ತರ ಏನಾದ್ರೂ ಗಲಾಟೆ ಇರೋರು ಮೂರು ತಿಂಗಳಿಗೊಮ್ಮೆ ತಮ್ಮ ಹೆಸರನ್ನ ಹಿಂಗೆ ಹುಡುಕಿ ನೋಡ್ಕೊಳ್ಳೋದು ಒಳ್ಳೇದು, ಐದು ನಿಮಿಷದ ಕೆಲಸ.

ಡಿಕ್ರಿ ಇನ್ನೂ ಆಗಿಲ್ಲ ಅಂದ್ರೆ

ನಿಮ್ಮ ಪುಣ್ಯ ಅನ್ಕೊಳ್ಳಿ, ಮಾರನೇ ದಿನವೇ ಹೊರಡಿ. ಸಿಪಿಸಿ ಅಂದ್ರೆ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆ, ಅದರ ಆರ್ಡರ್ 9 ರೂಲ್ 7 ಕೆಳಗೆ ಒಂದು ಅರ್ಜಿ, ಹಿಂದಿನ ವಾಯಿದೆಗೆ ಯಾಕೆ ಬರಲಿಲ್ಲ ಅನ್ನೋದಕ್ಕೆ ಸರಿಯಾದ ಕಾರಣ, ಜೊತೆಗೆ ಒಂದು ಅಫಿಡವಿಟ್, ಅಂದ್ರೆ ಪ್ರಮಾಣ ಮಾಡಿ ಬರೆದ ಹೇಳಿಕೆ. ಜಡ್ಜು ಒಪ್ಪಿದ್ರೆ ಸ್ವಲ್ಪ ಕಾಸ್ಟ್ (ಎದುರು ಪಾರ್ಟಿಗೆ ಕೊಡ್ಬೇಕಾದ ಖರ್ಚು) ಹಾಕಿ ಎಕ್ಸ್‌ಪಾರ್ಟಿ ಆರ್ಡರ್ ತೆಗೆದುಹಾಕ್ತಾರೆ, ನೀವು ಮೊದಲಿಂದ ಇದ್ದಂಗೇ ಕೇಸ್ ನಡೆಸಬಹುದು. ಒಪ್ಪಲಿಲ್ಲ ಅಂದ್ರೂ ಕೋರ್ಟಿಂದ ಹೊರಗೆ ಹಾಕಲ್ಲ, ಕೇಸ್ ಎಲ್ಲಿಗೆ ಬಂದಿದೆಯೋ ಅಲ್ಲಿಂದ ಮುಂದಕ್ಕೆ ಭಾಗವಹಿಸೋ ಹಕ್ಕು ನಿಮಗಿದೆ ಅಂತ ಸುಪ್ರೀಂ ಕೋರ್ಟು 1955ರಲ್ಲೇ ಸಂಗ್ರಾಮ್ ಸಿಂಗ್ ಕೇಸಲ್ಲಿ ಹೇಳಿದೆ, ಅಂದ್ರೆ ವಾದಿ ಸಾಕ್ಷಿ ಇನ್ನೂ ಬಾಕಿ ಇದ್ರೆ ಪಾಟೀಸವಾಲು ಮಾಡಬಹುದು, ಕೊನೆಗೆ ವಾದನಾದ್ರೂ ಹೇಳಬಹುದು. "ಎಕ್ಸ್‌ಪಾರ್ಟಿ ಆಯ್ತು ಇನ್ನೇನು ಮಾಡೋಕಾಗುತ್ತೆ" ಅಂತ ಮನೇಲಿ ಕೂರೋರು ಇದನ್ನ ಎರಡು ಸಲ ಓದಿ. ಒಂದು ಎಚ್ಚರ ಏನಂದ್ರೆ ವಾದ ಎಲ್ಲ ಮುಗಿದು ಬರೀ ತೀರ್ಪಿಗೆ ಅಂತ ವಾಯಿದೆ ಇಟ್ಟ ಮೇಲೆ ರೂಲ್ 7 ನಡೆಯಲ್ಲ, ಆಗ ಡಿಕ್ರಿ ಆಗೋವರೆಗೆ ಕಾದು ಮುಂದೆ ಹೇಳೋ ದಾರಿಗೇ ಬರ್ಬೇಕು.

ಇನ್ನೊಂದು ತರದ ಎಡವಟ್ಟು ಇದೆ. ಸಮನ್ಸ್ ತಗೊಂಡ್ರಿ, ವಕೀಲರನ್ನ ಇಟ್ರಿ, ವಕಾಲತ್ತು ಹಾಕಿದ್ರಿ, ಆದ್ರೆ ತಕರಾರು ಅಂದ್ರೆ ರಿಟನ್ ಸ್ಟೇಟ್‌ಮೆಂಟ್, ದಾವೆಗೆ ನಿಮ್ಮ ಲಿಖಿತ ಉತ್ತರ, ಹಾಕಲೇ ಇಲ್ಲ. ಸಮನ್ಸ್ ಜಾರಿಯಾದ ದಿನದಿಂದ 30 ದಿನ, ಜಡ್ಜು ಕಾರಣ ಬರೆದು ಹೆಚ್ಚಂದ್ರೆ 90 ದಿನದವರೆಗೆ ಬಿಡಬಹುದು, ಮಾಮೂಲಿ ಸಿವಿಲ್ ದಾವೇಲಿ 90 ದಾಟಿದ ಮೇಲೂ ತೀರಾ ಬಲವಾದ ಕಾರಣ ಇದ್ರೆ ಕೋರ್ಟು ತಗೊಂಡಿದ್ದುಂಟು, ಆದ್ರೆ ಕಮರ್ಷಿಯಲ್ ಕೋರ್ಟ್ ದಾವೇಲಿ 120 ದಿನ ಆದ್ರೆ ಬಾಗಿಲು ಮುಚ್ಚಿದ್ದು ಮುಚ್ಚಿದ್ದೇ. ತಕರಾರು ಬರಲಿಲ್ಲ ಅಂದ್ರೆ ಆರ್ಡರ್ 8 ರೂಲ್ 10 ಪ್ರಕಾರ ತೀರ್ಪು ಕೊಡಬಹುದು. ಹಾಗಂತ ಜಡ್ಜು ಕಣ್ಣು ಮುಚ್ಚಿ ವಾದಿ ಕೇಳಿದ್ದೆಲ್ಲ ಕೊಡೋ ಹಾಗಿಲ್ಲ, ವಾದಿ ಹೇಳೋದು ರುಜುವಾತಾಗಿದೆಯಾ ಅಂತ ನೋಡಲೇಬೇಕು, ಬಲರಾಜ್ ತನೇಜಾ ಕೇಸಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು ಇದನ್ನ ಬಿಡಿಸಿ ಹೇಳಿದೆ. ಒಂದೇ ಪ್ಯಾರಾದಲ್ಲಿ "ಪ್ರತಿವಾದಿ ಬರಲಿಲ್ಲ ಆದ್ದರಿಂದ ಡಿಕ್ರಿ" ಅಂತ ಇದ್ರೆ ಅಪೀಲಲ್ಲಿ ಅದೇ ದೊಡ್ಡ ಪಾಯಿಂಟ್ ಆಗುತ್ತೆ.

ಡಿಕ್ರಿ ಆಗೇಬಿಟ್ಟಿದೆ ಅಂದ್ರೆ ಮೊದಲು ತಾರೀಖು ಬರೆದಿಡಿ

ನಾನು ಯಾರು ಬಂದ್ರೂ ಮೊದಲು ಕೇಳೋದು ಒಂದೇ ಪ್ರಶ್ನೆ, "ನಿಮಗೆ ಯಾವತ್ತು ಗೊತ್ತಾಯ್ತು?" ಎಷ್ಟೋ ಜನ "ಸುಮಾರು ಒಂದು ತಿಂಗಳಾಯ್ತು" ಅಂತಾರೆ, ಅಲ್ಲೇ ಕೇಸ್ ಅರ್ಧ ಹೋಗಿರುತ್ತೆ. ರದ್ದು ಅರ್ಜಿಗೆ ಇರೋದು ಬರೀ 30 ದಿನ. ಲಿಮಿಟೇಷನ್ ಕಾಯ್ದೆ, ಅಂದ್ರೆ ಕಾಲಮಿತಿ ಕಾಯ್ದೆಯ ಆರ್ಟಿಕಲ್ 123 ಪ್ರಕಾರ ಸಮನ್ಸ್ ಸರಿಯಾಗಿ ಜಾರಿ ಆಗಿದ್ರೆ ಡಿಕ್ರಿ ಆದ ದಿನದಿಂದ 30 ದಿನ, ಸರಿಯಾಗಿ ಜಾರಿ ಆಗಿಲ್ಲ ಅಂದ್ರೆ ನಿಮಗೆ ಡಿಕ್ರಿ ವಿಷಯ ಗೊತ್ತಾದ ದಿನದಿಂದ 30 ದಿನ. ಪೇಪರಲ್ಲಿ ಪ್ರಕಟಣೆ ಕೊಟ್ಟೋ ಬಾಗಿಲಿಗೆ ಅಂಟಿಸಿಯೋ ಬದಲಿ ಜಾರಿ ಮಾಡಿದ್ರೆ, ಈ 30 ದಿನದ ಲೆಕ್ಕಕ್ಕೆ ಅದನ್ನ ಸರಿಯಾದ ಜಾರಿ ಅಂತ ಹಿಡಿಯಲ್ಲ, ಆ ಆರ್ಟಿಕಲ್‌ನಲ್ಲೇ ವಿವರಣೆ ಇದೆ, ಹಾಗಾಗಿ ಅಲ್ಲೂ ಗೊತ್ತಾದ ದಿನದಿಂದಲೇ ಎಣಿಸಬೇಕು.

ಅದಕ್ಕೇ ಹೇಳೋದು, ಅಮೀನ (ಸಮನ್ಸು, ಜಪ್ತಿ ಜಾರಿ ಮಾಡೋ ಕೋರ್ಟ್ ನೌಕರ) ಮನೆಗೆ ಬಂದ ದಿನ, ಅಮಲ್ಜಾರಿ ನೋಟಿಸ್ ಬಂದ ದಿನ, ಪಹಣೀಲಿ ಇನ್ಯಾರದೋ ಹೆಸರು ನೋಡಿದ ದಿನ, ಹೆಂಗೆ ಗೊತ್ತಾಯ್ತೋ ಅದನ್ನ ಆವತ್ತೇ ಬರೆದಿಡಿ, ನೋಟಿಸ್ ಕವರ್ ಬಿಸಾಕಬೇಡಿ, ಅದರ ಮೇಲಿನ ಪೋಸ್ಟ್ ಸೀಲೇ ನಿಮ್ಮ ಸಾಕ್ಷಿ. 30 ದಿನ ದಾಟಿದ್ರೂ ಎಲ್ಲ ಮುಗೀತು ಅಂತಲ್ಲ, ಅದೇ ಲಿಮಿಟೇಷನ್ ಕಾಯ್ದೆಯ ಸೆಕ್ಷನ್ 5 ಕೆಳಗೆ ವಿಳಂಬ ಮನ್ನಾ ಮಾಡಿ ಅಂತ ಇನ್ನೊಂದು ಅರ್ಜಿ ಜೊತೆಗೆ ಹಾಕ್ಬೇಕು, ಆದ್ರೆ ದಾಟಿದ ದಿನಗಳಿಗೆಲ್ಲ ಕಾರಣ ಕೊಡ್ಬೇಕಾಗುತ್ತೆ, ಎದುರು ಪಾರ್ಟಿ ವಕೀಲರು ನಿಮ್ಮನ್ನ ಕಟಕಟೇಲಿ ನಿಲ್ಲಿಸಿ ಒಂದೊಂದು ವಾರಕ್ಕೂ ಪ್ರಶ್ನೆ ಕೇಳ್ತಾರೆ.

ಎರಡನೇದು, ನಕಲು ತೆಗೀರಿ

ಕೋರ್ಟಿನ ಕಾಪಿಯಿಂಗ್ ಸೆಕ್ಷನ್‌ನಲ್ಲಿ ಅರ್ಜಿ ಹಾಕಿ ದೃಢೀಕೃತ ನಕಲು ತಗೋಬೇಕು. ಬರೀ ತೀರ್ಪು ಡಿಕ್ರಿ ಅಷ್ಟೇ ಸಾಲಲ್ಲ, ದಾವಾಪತ್ರ, ಪೂರ್ತಿ ಆರ್ಡರ್ ಶೀಟು, ಮತ್ತೆ ಎಲ್ಲಕ್ಕಿಂತ ಮುಖ್ಯವಾಗಿ ಸಮನ್ಸ್ ಜಾರಿ ವರದಿ, ಅಮೀನ ಬರೆದ ಷರಾ, ವಾಪಸ್ ಬಂದ ಪೋಸ್ಟ್ ಕವರು. ಬರೀ ಜಡ್ಜ್‌ಮೆಂಟ್ ಕಾಪಿ ಹಿಡ್ಕೊಂಡು ಬರ್ತಾರೆ ಜನ, ಅದರಲ್ಲಿ "ಸಮನ್ಸ್ ಜಾರಿಯಾಗಿದೆ" ಅಂತ ಒಂದೇ ಮಾತಿರುತ್ತೆ, ಹೆಂಗೆ ಜಾರಿಯಾಯ್ತು, ಯಾರ ಕೈಗೆ ಕೊಟ್ರು, ಯಾವ ವಿಳಾಸಕ್ಕೆ ಅನ್ನೋದು ಇರೋದು ವರದೀಲಿ. ನಿಮ್ಮ ಕೇಸ್ ಗೆಲ್ಲೋದೂ ಸೋಲೋದೂ ಆ ಒಂದು ಹಾಳೆ ಮೇಲೆ. ನಕಲು ಬರೋದು ತಡ ಆಗುತ್ತೆ ಅನ್ಸಿದ್ರೆ ವಕೀಲರ ಕಡೆಯಿಂದ ಫೈಲ್ ಪರಿಶೀಲನೆಗೆ ಅರ್ಜಿ ಹಾಕಿ ಅದೇ ದಿನ ಕಣ್ಣಾರೆ ನೋಡ್ಬಿಡಿ. ಅಪೀಲಿಗಾದ್ರೆ ನಕಲಿಗೆ ಹಿಡಿದ ದಿನಗಳನ್ನ ಲಿಮಿಟೇಷನ್ ಲೆಕ್ಕದಿಂದ ಬಿಡ್ತಾರೆ, ರದ್ದು ಅರ್ಜಿಗೆ ಆ ಅನುಕೂಲ ಇದೆ ಅಂತ ನಂಬ್ಕೊಂಡು ಕೂರಬೇಡಿ.

ಮೂರನೇದು, ನಿಮ್ಮ ಕಾರಣ ಯಾವುದು ಅಂತ ತೀರ್ಮಾನ ಮಾಡಿ

ಆರ್ಡರ್ 9 ರೂಲ್ 13 ಎರಡೇ ಕಾರಣ ಕೊಡುತ್ತೆ. ಒಂದು, ಸಮನ್ಸ್ ಸರಿಯಾಗಿ ಜಾರಿ ಆಗಿರಲಿಲ್ಲ. ಎರಡು, ಜಾರಿ ಆಗಿತ್ತು ಆದ್ರೆ ಕೇಸ್ ಕೂಗಿದ ದಿನ ಬರೋಕೆ ಆಗದೆ ಇರೋದಕ್ಕೆ ಸಾಕಷ್ಟು ಕಾರಣ ಇತ್ತು. "ನನ್ನ ಕೇಸ್ ಸ್ಟ್ರಾಂಗ್ ಇದೆ, ವಾದಿ ಸುಳ್ಳು ಹೇಳಿದ್ದಾನೆ" ಅನ್ನೋದು ಮೂರನೇ ಕಾರಣ ಅಲ್ಲ, ಅದು ರದ್ದಾದ ಮೇಲೆ ಹೇಳೋ ಮಾತು.

ಜಾರಿ ಆಗಿಲ್ಲ ಅನ್ನೋದಕ್ಕೆ ನಾನು ಪದೇ ಪದೇ ನೋಡೋ ಉದಾಹರಣೆ ಪಾಲು ವಿಭಾಗದ ದಾವೆ. ಮದುವೆಯಾಗಿ ಬೇರೆ ಊರಿಗೆ ಹೋಗಿ ಇಪ್ಪತ್ತು ವರ್ಷ ಆದ ಅಕ್ಕನ್ನ ಪ್ರತಿವಾದಿ ಮಾಡಿ, ವಿಳಾಸದ ಜಾಗದಲ್ಲಿ ತವರುಮನೆ ವಿಳಾಸ ಹಾಕಿರ್ತಾರೆ. ಅಮೀನ ಹೋಗ್ತಾನೆ, ಅಣ್ಣನ ಹೆಂಡ್ತಿ ಸಹಿ ಮಾಡಿ ತಗೋತಾರೆ, ವರದೀಲಿ "ಮನೆಯವರಿಗೆ ಜಾರಿ" ಅಂತ ಬರುತ್ತೆ. ಕಾನೂನು ಏನು ಹೇಳುತ್ತೆ ಅಂದ್ರೆ ಪ್ರತಿವಾದಿ ಮನೇಲಿ ಇಲ್ಲದಾಗ, ಬೇಗ ಸಿಗೋ ಹಾಗೂ ಇಲ್ಲದಾಗ, ಅವರ ಜೊತೆ ವಾಸ ಇರೋ ವಯಸ್ಕ ಸದಸ್ಯರಿಗೆ ಕೊಡಬಹುದು, ಹೆಂಗಸಾದ್ರೂ ಗಂಡಸಾದ್ರೂ ಸರಿ, ಮನೆ ಕೆಲಸದವರಿಗೆ ಕೊಟ್ರೆ ನಡೆಯಲ್ಲ. "ಜೊತೆ ವಾಸ ಇರೋ" ಅನ್ನೋ ಮಾತೇ ಇಲ್ಲಿ ಪ್ರಾಣ. ಅಕ್ಕ ಅಲ್ಲಿ ವಾಸವೇ ಇಲ್ಲ, ಅವರ ರೇಷನ್ ಕಾರ್ಡು, ವೋಟರ್ ಐಡಿ, ಆಧಾರು ಎಲ್ಲ ಗಂಡನ ಮನೆ ವಿಳಾಸದಲ್ಲಿದೆ, ಅದನ್ನೆಲ್ಲ ಹಾಜರು ಮಾಡಿದ್ರೆ ಜಾರಿ ಬಿದ್ದುಹೋಗುತ್ತೆ. ಇಂಥ ಅಕ್ಕತಂಗಿಯರಿಗೆ ಎಷ್ಟೋ ಸಲ ವಿಷಯ ಗೊತ್ತಾಗೋದೇ ಎಫ್‌ಡಿಪಿ ಹಂತದಲ್ಲಿ, ಅಂದ್ರೆ ಪಾಲು ಅಳೆದು ಬಿಡಿಸೋ ಅಂತಿಮ ಡಿಕ್ರಿ ಹಂತದಲ್ಲಿ, ಜಮೀನು ಅಳತೆಗೆ ಬಂದಾಗ. ಆಗಲೂ ತಡ ಆಯ್ತು ಅನ್ಕೋಬೇಡಿ. ಡಿಕ್ರಿ ಒಬ್ಬರ ಮಟ್ಟಿಗೆ ಬಿಡಿಸೋಕೆ ಬರಲ್ಲ ಅಂದ್ರೆ ಎಲ್ಲ ಪ್ರತಿವಾದಿಗಳ ಮಟ್ಟಿಗೂ ರದ್ದು ಮಾಡೋ ಅಧಿಕಾರ ಕೋರ್ಟಿಗಿದೆ.

ಆದ್ರೆ ಜಾರಿಯಲ್ಲಿ ಏನೋ ಸಣ್ಣ ತಪ್ಪಿದೆ ಅಂತ ಮಾತ್ರಕ್ಕೆ ರದ್ದಾಗಲ್ಲ. ವಾಯಿದೆ ವಿಷಯ ನಿಮಗೆ ಗೊತ್ತಿತ್ತು, ಬರೋಕೆ ಟೈಮೂ ಇತ್ತು ಅಂತ ಕೋರ್ಟಿಗೆ ಅನ್ಸಿದ್ರೆ ಅರ್ಜಿ ವಜಾ. ಮತ್ತೆ ಕವರ್ ತಗೊಳ್ಳೋಕೆ ನಿರಾಕರಿಸಿದ್ರೆ ಅದು ಜಾರಿಯಾದ ಲೆಕ್ಕವೇ. ನಮ್ಮ ಗುಮಾಸ್ತರ ಕೇಸಲ್ಲಿ ಆಗಿದ್ದು ಅದೇ, ಆ ನೀಲಿ ಇಂಕಿನ ಒಂದು ಪದದಿಂದ ಮೊದಲನೇ ಕಾರಣ ಅವರ ಕೈತಪ್ಪಿ ಹೋಯ್ತು.

ಎರಡನೇ ಕಾರಣಕ್ಕೆ ಬಂದ್ರೆ, ಕೋರ್ಟು ನೋಡೋದು ನೀವು ಗೈರಾದ ಆ ದಿನ ಏನಾಗಿತ್ತು ಅಂತ, ಅದಕ್ಕೂ ಹಿಂದೆ ಯಾವ್ಯಾವಾಗಲೋ ತಪ್ಪಿಸ್ಕೊಂಡಿದ್ದನ್ನ ಹಿಡಿದು ತಲೆ ಮೇಲೆ ಹೊಡೆಯಬಾರದು ಅಂತ 2000ದಲ್ಲಿ ಸುಪ್ರೀಂ ಕೋರ್ಟು ಜಿ.ಪಿ. ಶ್ರೀವಾಸ್ತವ ಕೇಸಲ್ಲಿ ಹೇಳಿದೆ. ಅಡ್ಮಿಟ್ ಆಗಿದ್ದು, ಮನೇಲಿ ಸಾವು, ಪ್ರವಾಹದಲ್ಲಿ ರಸ್ತೆ ಕಡಿದುಹೋಗಿದ್ದು ಇವೆಲ್ಲ ಕಾರಣಗಳೇ. ವಕೀಲರು ತಿಳಿಸಲಿಲ್ಲ ಅನ್ನೋದನ್ನ ಕೋರ್ಟುಗಳು ಕೆಲವು ಸಲ ಒಪ್ಪಿವೆ, ಆದ್ರೆ ನೀವು ಎರಡು ವರ್ಷ ವಕೀಲರಿಗೆ ಒಂದು ಫೋನೂ ಮಾಡಿಲ್ಲ ಅಂತ ಗೊತ್ತಾದ್ರೆ ಒಪ್ಪಲ್ಲ. ಹಾಗಾಗಿ ಮಾಡಿದ ಫೋನಿನ ಲಿಸ್ಟು, ವಾಟ್ಸಾಪ್ ಮೆಸೇಜು, ಫೀಸ್ ಕಳಿಸಿದ ಯುಪಿಐ ರಸೀದಿ ಇದ್ರೆ ತೆಗೆದಿಡಿ.

ನಾಲ್ಕನೇದು, ಅಫಿಡವಿಟ್

ಇಲ್ಲೇ ಹೆಚ್ಚು ಅರ್ಜಿಗಳು ಸಾಯೋದು. "ಅನಾರೋಗ್ಯ ನಿಮಿತ್ತ ಘನ ನ್ಯಾಯಾಲಯಕ್ಕೆ ಹಾಜರಾಗಲು ಸಾಧ್ಯವಾಗಿರುವುದಿಲ್ಲ" ಅಂತ ಎಲ್ಲರಿಗೂ ಒಂದೇ ಅಚ್ಚಿನ ಸಾಲು ಹಾಕಿಬಿಡ್ತಾರೆ, ಜಡ್ಜು ದಿನಕ್ಕೆ ಇಂಥವು ಎಷ್ಟು ಓದ್ತಾರೋ. ಅದರ ಬದಲು, "14ನೇ ತಾರೀಖು ವಾಯಿದೆ ಇತ್ತು, 11ಕ್ಕೆ ಡೆಂಗಿ ಜ್ವರ ಅಂತ ತಾಲ್ಲೂಕು ಆಸ್ಪತ್ರೇಲಿ ದಾಖಲಾದೆ, 17ಕ್ಕೆ ಬಿಡುಗಡೆ, ಡಿಸ್ಚಾರ್ಜ್ ಸಮ್ಮರಿ ಹಾಜರುಪಡಿಸಿದ್ದೇನೆ, ಇನ್ನೂ ನಿಶ್ಶಕ್ತಿ ಇದ್ದು 25ಕ್ಕೆ ವಕೀಲರನ್ನ ಕಂಡಾಗ ಡಿಕ್ರಿ ಆದ ವಿಷಯ ತಿಳೀತು" ಅಂತ ತಾರೀಖು ಸಮೇತ ಇದ್ರೆ ಅದು ನಿಮ್ಮ ಅಫಿಡವಿಟ್. ನೀವು ಹೇಳಿದ್ದನ್ನೇ ಬರೆದಿದ್ದಾರಾ ಅಂತ ಸಹಿ ಹಾಕೋಕ್ ಮುಂಚೆ ಓದಿಸ್ಕೊಳ್ಳಿ, ಯಾಕಂದ್ರೆ ನಾಳೆ ಪಾಟೀಸವಾಲಿಗೆ ನಿಲ್ಲೋರು ನೀವು. ಸುಳ್ಳು ಮೆಡಿಕಲ್ ಸರ್ಟಿಫಿಕೇಟ್ ಮಾಡಿಸೋ ಯೋಚನೆ ಬಂದ್ರೆ ಅದನ್ನ ಅಲ್ಲೇ ಬಿಟ್ಟುಬಿಡಿ, ಡಾಕ್ಟರನ್ನ ಸಾಕ್ಷಿಗೆ ಕರೆಸಿದ ದಿನ ಡಿಕ್ರೀನೂ ಉಳಿಯುತ್ತೆ, ಮೇಲೆ ಸುಳ್ಳು ಸಾಕ್ಷ್ಯದ ತಲೆನೋವೂ ಬರುತ್ತೆ.

ಅರ್ಜಿ ಜೊತೆಗೇ ತಕರಾರು ಸಿದ್ಧ ಮಾಡಿ ಲಗತ್ತಿಸೋದು ನನ್ನ ಪದ್ಧತಿ. ಕಾನೂನು ಕಡ್ಡಾಯ ಅಂತ ಹೇಳಲ್ಲ, ಆದ್ರೆ ಇವರು ಕಾಲ ತಳ್ಳೋಕೆ ಬಂದಿಲ್ಲ, ನಿಜವಾಗಿ ಕೇಸ್ ನಡೆಸ್ತಾರೆ ಅಂತ ಜಡ್ಜಿಗೆ ನಂಬಿಕೆ ಬರುತ್ತೆ.

ಐದನೇದು, ತಡೆ ಕೇಳೋದು ಮರೀಬೇಡಿ

ಅರ್ಜಿ ಡಿಕ್ರಿ ಮಾಡಿದ ಕೋರ್ಟಲ್ಲೇ ಹಾಕ್ಬೇಕು, ನಮ್ಮ ಕರ್ನಾಟಕದಲ್ಲಿ ಅದಕ್ಕೆ ಮಿಸಲೇನಿಯಸ್ ಅಂತ ಬೇರೆ ನಂಬರ್ ಬೀಳುತ್ತೆ, ಎದುರು ಪಾರ್ಟಿಗೆ ನೋಟಿಸ್ ಹೋಗದೆ ರದ್ದು ಮಾಡೋ ಹಾಗಿಲ್ಲ. ನೋಟಿಸು, ಆಕ್ಷೇಪಣೆ, ಎರಡೂ ಕಡೆ ಸಾಕ್ಷಿ, ಇದಕ್ಕೆಲ್ಲ ತಿಂಗಳುಗಳೇ ಹಿಡಿಯುತ್ತೆ, ಆ ಮಧ್ಯೆ ಅಮಲ್ಜಾರಿ ತನ್ನ ಪಾಡಿಗೆ ತಾನು ನಡೀತಾ ಇರುತ್ತೆ. ಅರ್ಜಿ ಹಾಕಿದ್ದೀವಲ್ಲ ಅಂತ ನೆಮ್ಮದಿಯಾಗಿ ಇದ್ದು, ಒಂದು ಬೆಳಿಗ್ಗೆ ಅಮೀನ ಬೀಗ ಒಡೆಯೋಕೆ ಬಂದಾಗ ಓಡಿ ಬಂದವರನ್ನ ನೋಡಿದ್ದೀನಿ. ಅದಕ್ಕೆ ಅರ್ಜಿ ಹಾಕೋ ದಿನವೇ ಅಮಲ್ಜಾರಿಗೆ ತಡೆ ಕೊಡಿ ಅಂತ ಒಂದು ಐಎ, ಅಂದ್ರೆ ಮಧ್ಯಂತರ ಅರ್ಜಿ, ಹಾಕಿಸಿ. ದುಡ್ಡಿನ ಡಿಕ್ರಿ ಆದ್ರೆ ಒಂದು ಭಾಗ ಕೋರ್ಟಲ್ಲಿ ಠೇವಣಿ ಇಡಿ ಅಂತ ಹೇಳಬಹುದು, ಕೈಲಾದಷ್ಟು ಹೊಂದಿಸಿಟ್ಟುಕೊಂಡೇ ಹೋಗಿ.

ಸಂಬಳ ಜಪ್ತಿ ಅಂದ್ರೆ ಪೂರ್ತಿ ಸಂಬಳ ಹೋಗುತ್ತೆ ಅಂತ ಜನ ಹೆದರ್ತಾರೆ, ಹಂಗಿಲ್ಲ. ಸಿಪಿಸಿ ಸೆಕ್ಷನ್ 60 ಪ್ರಕಾರ ಮೊದಲ 1000 ರೂಪಾಯಿ, ಉಳಿದಿದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟೋ ಹಾಗಿಲ್ಲ. ಲೆಕ್ಕಕ್ಕೆ ಬರೋ ಸಂಬಳ 31,000 ಅಂದ್ರೆ ಹೆಚ್ಚಂದ್ರೆ 10,000 ಹಿಡೀಬಹುದು, ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಹಿಡಿದಾದ ಮೇಲೆ ಮತ್ತೆ ಹಿಡಿಯೋಕೆ ಬರಲ್ಲ. ಜೀವನಾಂಶದ ಡಿಕ್ರಿಗೆ ಲೆಕ್ಕ ಬೇರೆ, ಅಲ್ಲಿ ಮೂರನೇ ಒಂದು ಭಾಗಕ್ಕೆ ಮಾತ್ರ ರಕ್ಷಣೆ. ಅಡಿಗೆ ಪಾತ್ರೆ, ಹಾಸಿಗೆ, ಬಟ್ಟೆ, ಕುಶಲಕರ್ಮಿಗಳ ಹತಾರಗಳು, ರೈತರ ಬೇಸಾಯದ ಸಲಕರಣೆ ಇವನ್ನೂ ಜಪ್ತಿ ಮಾಡೋ ಹಾಗಿಲ್ಲ.

ಅಪೀಲಾ, ರದ್ದು ಅರ್ಜಿನಾ?

ಎರಡೂ ದಾರಿ ಇದೆ. ಸಿಪಿಸಿ ಸೆಕ್ಷನ್ 96(2) ಎಕ್ಸ್‌ಪಾರ್ಟಿ ಡಿಕ್ರಿ ಮೇಲೂ ಅಪೀಲು ಕೊಡುತ್ತೆ, ಜಿಲ್ಲಾ ಕೋರ್ಟಿಗೆ ಅಥವಾ ಸೀನಿಯರ್ ಸಿವಿಲ್ ಜಡ್ಜ್ ಕೋರ್ಟಿಗೆ ಹೋಗೋದಾದ್ರೆ 30 ದಿನ, ಹೈಕೋರ್ಟಿಗಾದ್ರೆ 90 ದಿನ, ಬೆಂಗಳೂರು ಸಿಟಿ ಸಿವಿಲ್ ಕೋರ್ಟಿನ ಡಿಕ್ರಿ ಮೇಲೆ ಹೈಕೋರ್ಟಿಗೇ ಹೋಗ್ಬೇಕು. ಅಪೀಲಲ್ಲಿ ಹೇಳೋಕೆ ಸಿಗೋದು ಕೇಸಿನ ಒಳಗಿನ ವಿಷಯ, ವಾದಿ ದಾಖಲೆ ಸಾಲಲ್ಲ, ದಾವೆಗೇ ಕಾಲಮಿತಿ ಮೀರಿತ್ತು, ಆ ಕೋರ್ಟಿಗೆ ಅಧಿಕಾರವೇ ಇರಲಿಲ್ಲ ಅನ್ನೋದು. ನಿಮ್ಮ ಹತ್ರ ಹೇಳೋಕೆ ಸಾಕ್ಷಿ ದಾಖಲೆ ಇದ್ದು, ಮೊದಲಿಂದ ಕೇಸ್ ನಡೀಬೇಕು ಅಂದ್ರೆ ರೂಲ್ 13 ಅರ್ಜಿಯೇ ಸರಿ. ಎರಡನ್ನೂ ಒಟ್ಟಿಗೆ ಹಾಕಬಹುದು ಅಂತ ಭಾನು ಕುಮಾರ್ ಜೈನ್ ಕೇಸಲ್ಲಿ 2004ರ ಡಿಸೆಂಬರಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಆದ್ರೆ ಅಪೀಲು ಮೊದಲು ತೀರ್ಮಾನ ಆಗಿ ವಜಾ ಆಗೋಯ್ತು ಅಂದ್ರೆ ರದ್ದು ಅರ್ಜಿ ಅಲ್ಲಿಗೇ ಸತ್ತಂಗೆ, ನೀವಾಗಿ ಅಪೀಲು ವಾಪಸ್ ತಗೊಂಡಿದ್ರೆ ಮಾತ್ರ ಉಳಿಯುತ್ತೆ. ಇದನ್ನ ತಿಳಿಯದೆ ಅವಸರಕ್ಕೆ ಅಪೀಲಿಗೆ ಓಡಿ ಒಳ್ಳೇ ಅರ್ಜಿ ಕಳ್ಕೊಂಡವರಿದ್ದಾರೆ, ಹಾಗಾಗಿ ವಕೀಲರನ್ನ ಈ ಪ್ರಶ್ನೆ ನೇರವಾಗಿ ಕೇಳಿ. ರದ್ದು ಅರ್ಜಿ ವಜಾ ಆದ್ರೆ ಆ ಆರ್ಡರ್ ಮೇಲೆ ಆರ್ಡರ್ 43 ರೂಲ್ 1(ಡಿ) ಕೆಳಗೆ ಬೇರೆ ಅಪೀಲು ಇದೆ.

ಗುಮಾಸ್ತರದ್ದು ಏನಾಯ್ತು ಅಂತ ಹೇಳ್ತೀನಿ. ಅವರ ಸ್ನೇಹಿತರು ಮಧ್ಯೆ ಬ್ಯಾಂಕಿಗೆ ಕಟ್ಟಿದ ಒಂಬತ್ತು ಚಲನ್ ಅವರ ಹತ್ರ ಇದ್ವು, ಬ್ಯಾಂಕಿನ ಲೆಕ್ಕದಲ್ಲಿ ಅವು ಇರಲೇ ಇಲ್ಲ. ಆ ಸಮನ್ಸ್ ಕವರ್ ತಗೊಂಡು ತಕರಾರು ಹಾಕಿದ್ರೆ ಅಷ್ಟೂ ದುಡ್ಡು ಕಳೀತಿತ್ತು. ಡಿಕ್ರಿ ಆಗಿ ಮೂರು ವರ್ಷದ ಮೇಲಾಗಿತ್ತು, ವಿಳಂಬಕ್ಕೆ ಹೇಳೋ ಕಾರಣ ಒಂದೂ ಇರಲಿಲ್ಲ, ಡಿಕ್ರಿಗೆ ಮುಂಚೆ ಕಟ್ಟಿದ ದುಡ್ಡನ್ನ ಅಮಲ್ಜಾರಿ ಕೋರ್ಟು ಲೆಕ್ಕಕ್ಕೆ ಹಿಡಿಯೋಕೆ ಬರಲ್ಲ. ಕೊನೆಗೆ ಲೋಕ ಅದಾಲತ್‌ನಲ್ಲಿ ಕೂತು ಬಡ್ಡೀಲಿ ಒಂದಿಷ್ಟು ಬಿಡಿಸ್ಕೊಂಡು ಕಂತು ಮಾಡಿಸ್ಕೊಂಡ್ವಿ. ಆ ಚಲನ್‌ಗಳನ್ನ ಅವರು ಮತ್ತೆ ಅದೇ ಪ್ಲಾಸ್ಟಿಕ್ ಕವರಿಗೆ ಹಾಕ್ಕೊಂಡು ಹೋದ್ರು.

ಹೊರದೇಶದಲ್ಲಿರೋರಿಗೆ ಒಂದೆರಡು ಮಾತು

ದುಬೈ, ಅಬುಧಾಬೀಲಿ ದುಡಿದು ಬಂದ ಮಂಗಳೂರು, ಭಟ್ಕಳ ಕಡೆಯವರು ಇದನ್ನ ಕೇಳ್ತಾರೆ, ಅಲ್ಲಿ ಬ್ಯಾಂಕು ಎಕ್ಸ್‌ಪಾರ್ಟಿ ತೀರ್ಪು ತಗೊಂಡಿದ್ರೆ ಇಲ್ಲಿ ನಡೆಯುತ್ತಾ ಅಂತ. ಯುಎಇಯನ್ನ 2020ರ ಜನವರೀಲಿ ಭಾರತ ಪರಸ್ಪರ ಮಾನ್ಯತೆಯ ದೇಶ ಅಂತ ಅಧಿಸೂಚನೆ ಮಾಡಿದೆ, ಬ್ರಿಟನ್ನು, ಸಿಂಗಪುರ ಮೊದಲಿಂದಲೂ ಆ ಪಟ್ಟೀಲಿವೆ, ಅಲ್ಲಿನ ಡಿಕ್ರಿಯನ್ನ ನೇರವಾಗಿ ಇಲ್ಲಿನ ಜಿಲ್ಲಾ ಕೋರ್ಟಿಗೆ ತಂದು ಅಮಲ್ಜಾರಿ ಕೇಳಬಹುದು. ಅಮೆರಿಕ ಆ ಪಟ್ಟೀಲಿಲ್ಲ, ಅಲ್ಲಿನ ತೀರ್ಪಿನ ಮೇಲೆ ಇಲ್ಲಿ ಹೊಸದಾಗಿ ದಾವೆ ಹಾಕ್ಬೇಕು. ಆದ್ರೆ ಎಲ್ಲದಕ್ಕೂ ಸಿಪಿಸಿ ಸೆಕ್ಷನ್ 13 ಅಂತ ಒಂದು ಜರಡಿ ಇದೆ, ಸಾಕ್ಷಿ ದಾಖಲೆ ನೋಡದೆ ಬರೀ ಪ್ರತಿವಾದಿ ಬರಲಿಲ್ಲ ಅಂತ ಕೊಟ್ಟ ತೀರ್ಪಾದ್ರೆ ಅದು ಇಲ್ಲಿ ನಿಲ್ಲಲ್ಲ. ನೋಟಿಸ್ ಬಂದ್ರೆ ಇದನ್ನ ಇಲ್ಲಿನ ಕೋರ್ಟಿಗೆ ಬಂದು ಹೇಳಲೇಬೇಕು, ಇಲ್ಲೂ ಗೈರಾದ್ರೆ ಯಾರು ಹೇಳ್ತಾರೆ.

ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂದ್ರೆ

ಪ್ರತಿ ತಾಲ್ಲೂಕು ಕೋರ್ಟಲ್ಲೂ ಕಾನೂನು ಸೇವಾ ಸಮಿತಿ ಅಂತ ಇರುತ್ತೆ. ಹೆಂಗಸರು, ಮಕ್ಕಳು, ಎಸ್‌ಸಿ ಎಸ್‌ಟಿಯವರು, ಅಂಗವಿಕಲರು, ಕಾರ್ಖಾನೆ ಕಾರ್ಮಿಕರು ಇವರಿಗೆ ಆದಾಯ ಎಷ್ಟೇ ಇರಲಿ ವಕೀಲರನ್ನ ಫ್ರೀಯಾಗಿ ಕೊಡ್ತಾರೆ, ಉಳಿದವರಿಗೆ ಆದಾಯದ ಮಿತಿ ಇದೆ. ಫೋನ್ ಮಾಡೋದಾದ್ರೆ 15100. ಮೇಲೆ ಹೇಳಿದ ಅಕ್ಕತಂಗಿಯರ ಕೇಸುಗಳಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇರಲ್ಲ, ಗಂಡನ ಹತ್ರ ದುಡ್ಡು ಕೇಳೋಕಾಗದೆ ಸುಮ್ನಾಗ್ತಾರೆ. ನಿಮ್ಮ ಮನೇಲಿ, ಬೀದೀಲಿ ಅಂಥವರಿದ್ರೆ ದಯವಿಟ್ಟು ಹೇಳಿ.

ರದ್ದಾದ ಮೇಲೆ

ಜಡ್ಜು ಹಾಕಿದ ಕಾಸ್ಟನ್ನ ಹೇಳಿದ ದಿನದೊಳಗೆ ಕಟ್ಟಿ ರಸೀದಿ ಫೈಲಿಗೆ ಹಾಕಿಸಿ, ಎಷ್ಟೋ ಆರ್ಡರಲ್ಲಿ ಕಾಸ್ಟ್ ಕಟ್ಟಿದ್ರೆ ಮಾತ್ರ ರದ್ದು ಅಂತ ಇರುತ್ತೆ, ಒಂದು ದಿನ ತಪ್ಪಿದ್ರೂ ಹಳೇ ಡಿಕ್ರಿ ಎದ್ದು ಕೂರುತ್ತೆ. ಮೂಲ ದಾವೆ ನಂಬರಲ್ಲಿ ಮೊದಲ ವಾಯಿದೆ ಯಾವತ್ತು ಅಂತ ನೀವೇ ಬರ್ಕೊಳ್ಳಿ, ಆ ದಿನವೇ ತಕರಾರು ಹಾಕಿಸಿ, ಈಗಿನ ವಿಳಾಸ ಫೋನ್ ನಂಬರ್ ಒಂದು ಮೆಮೊದಲ್ಲಿ ಕೋರ್ಟಿಗೆ ಕೊಡಿಸಿ. ಅಷ್ಟರೊಳಗೆ ಅಮಲ್ಜಾರೀಲಿ ದುಡ್ಡು ಹೋಗಿದ್ರೆ, ಜಮೀನು ಸ್ವಾಧೀನ ಹೋಗಿದ್ರೆ, ಸಿಪಿಸಿ ಸೆಕ್ಷನ್ 144 ಕೆಳಗೆ ವಾಪಸ್ ಕೊಡಿಸಿ ಅಂತ ಅರ್ಜಿ ಹಾಕೋಕೆ ಬರುತ್ತೆ, ಅದು ತಾನಾಗಿ ಬರಲ್ಲ, ನೀವು ಕೇಳಿದ್ರೇನೇ ಬರೋದು.